ಸಹಾಯ ಬೇಕು: ತಮ್ಮ ಆನ್‌ಲೈನ್ ಜೂಜಿಗೆ ಬಿದ್ದಿದ್ದಾನೆ, ತುಮಕೂರಿನಲ್ಲಿ ಯಾರಿಗೆ ತೋರಿಸಲಿ?

ಎಲ್ಲರಿಗೂ ನಮಸ್ಕಾರ. ನಮ್ಮದು ತಿಪಟೂರು ಕಡೆ. ತಮ್ಮ ತುಮಕೂರಿನಲ್ಲಿ ಡಿಗ್ರಿ ಎರಡನೇ ವರ್ಷ, ಕ್ಯಾತ್ಸಂದ್ರದಲ್ಲಿ ರೂಮು. ಐಪಿಎಲ್ ಟೈಮಲ್ಲಿ ನೂರು, ಇನ್ನೂರು ಅಂತ ಬೆಟ್ಟಿಂಗ್ ಶುರು ಮಾಡಿದ್ದನಂತೆ. ಈಗ ಪರೀಕ್ಷೆ ಫೀಸೂ ಹೋಗಿದೆ, ಅಪ್ಪ ಕೊಬ್ಬರಿ ಮಾರಿ ಕಳಿಸಿದ ದುಡ್ಡೂ ಹೋಗಿದೆ. ಲೋನ್ ಆ್ಯಪ್‌ಗಳಲ್ಲಿ ಸಾಲ ಬೇರೆ.

ಭಾನುವಾರ ರೂಮಿಗೆ ಹೋಗಿದ್ದೆ. ಊಟಕ್ಕೆ ಕೂತಾಗ ಫೋನನ್ನು ತಟ್ಟೆ ಪಕ್ಕ ಬೋರಲು ಹಾಕಿಕೊಂಡಿದ್ದ. ಅದು ಗುಂಯ್ ಅಂದಾಗಲೆಲ್ಲ ಅವನ ಕೈ ನಡುಗುತ್ತಿತ್ತು. ನಾನು ಮಾಡಿಕೊಂಡು ಹೋದ ಮುದ್ದೆ ಹಾಗೇ ಆರಿಹೋಯಿತು. "ಅಕ್ಕಾ, ಇನ್ನೊಂದೇ ಸಲ ಗೆದ್ರೆ ಎಲ್ಲಾ ತೀರಿಸಿಬಿಡ್ತೀನಿ" ಅಂದ. ಹೋದದ್ದನ್ನು ವಾಪಸ್ ತರೋಕೆ ಮತ್ತೆ ಆಡೋದು, ಈ ಚಟದ ಗುಣವೇ ಅದು. ಸುಮ್ನೆ ಬೈದರೆ ಬಿಡುವಂಥದ್ದಲ್ಲ.

ದುಡ್ಡು ಕಟ್ಟಿ ಆಡುವ ಆನ್‌ಲೈನ್ ಆಟಗಳನ್ನು ನಿಷೇಧಿಸಿ 2025ರ ಆಗಸ್ಟ್‌ನಲ್ಲಿ ಸಂಸತ್ತು ಕಾನೂನು ಮಾಡಿತು, ಅಲ್ವಾ? ಆದರೂ ಯಾರೋ ಲಿಂಕ್ ಕಳಿಸುತ್ತಲೇ ಇದ್ದಾರೆ.

14416, ಅಂದ್ರೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ಗೆ ಫೋನ್ ಮಾಡಿದೆ. ಕನ್ನಡದಲ್ಲೇ ಸಮಾಧಾನವಾಗಿ ಮಾತಾಡಿದರು. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ಫೋನ್, ಆನ್‌ಲೈನ್ ಚಟಗಳಿಗೆ ಅಂತಲೇ ಶಟ್ ಕ್ಲಿನಿಕ್ ಇದೆ, ಆದರೆ ಅಲ್ಲಿಗೆ ಬರಲ್ಲ ಅಂತ ಹಟ ಹಿಡಿದಿದ್ದಾನೆ.

ತುಮಕೂರಿನಲ್ಲೇ ಹುಡುಗರ ಜೊತೆ ತಾಳ್ಮೆಯಿಂದ ಮಾತಾಡುವ ಮಾನಸಿಕ ತಜ್ಞರು ಗೊತ್ತಿದ್ದರೆ ದಯವಿಟ್ಟು ಹೇಳಿ. ಲೋನ್‌ನವರು ಅವನ ಫ್ರೆಂಡ್ಸ್‌ಗೆಲ್ಲ ಫೋನ್ ಮಾಡಿ ಮರ್ಯಾದೆ ತೆಗೆಯುತ್ತಿದ್ದಾರೆ. ಸೈಬರ್ ಅಪರಾಧ ಸಹಾಯವಾಣಿ 1930ಕ್ಕೆ ದೂರು ಕೊಟ್ಟವರಿದ್ದರೆ ಏನಾಯಿತು ತಿಳಿಸಿ. ಅಪ್ಪನಿಗೆ ಇನ್ನೂ ಹೇಳಿಲ್ಲ. ಹೇಗೆ ಹೇಳಲಿ, ಅದೂ ಗೊತ್ತಾಗುತ್ತಿಲ್ಲ.