ಎಫ್ ಒತ್ತಿದರೆ ಜೊತೆಗೆ ಇನ್ನೊಂದು ಸ್ವರವೂ ಗುನುಗುತ್ತಿದೆ: ಹಳೆಯ ಪೈಪ್ ಆರ್ಗನ್ ಉಳಿಯುತ್ತದೆಯೇ?

ಪ್ರಶ್ನೆ
ನಾವಿರುವುದು ಅಮೆರಿಕದ ಇಲಿನಾಯ್ ರಾಜ್ಯದ ಒಂದು ಸಣ್ಣ ಊರಲ್ಲಿ. ಇಲ್ಲಿಯ ಪ್ರೆಸ್ಬಿಟೇರಿಯನ್ (ಪ್ರೊಟೆಸ್ಟಂಟ್ ಕ್ರೈಸ್ತರ ಒಂದು ಪಂಗಡ) ಚರ್ಚಿನಲ್ಲಿ ಆರು ವರ್ಷದಿಂದ ಆರ್ಗನ್ ನುಡಿಸುತ್ತಿದ್ದೇನೆ. ಇದೇ ರಾಜ್ಯದ ಪೆಕಿನ್‌ನಲ್ಲಿ ಹಿನ್ನರ್ಸ್ ಎಂಬ ಆರ್ಗನ್ ಕಂಪನಿಯವರು ಕಟ್ಟಿದ್ದು, ನೂರು ವರ್ಷ ದಾಟಿದೆ. ಕೀಲಿ ಒತ್ತಿದರೆ ತೆಳು ಮರದ ಪಟ್ಟಿಗಳೇ ಕೊಳವೆಗೆ ಗಾಳಿ ಬಿಡುವ ಕವಾಟವನ್ನು ಎಳೆದು ತೆರೆಯುತ್ತವೆ. ಕರೆಂಟ್ ಬೇಕಾದದ್ದು ಗಾಳಿ ಊದುವ ಮೋಟರಿಗೆ ಮಾತ್ರ. ಮೋಟರ್ ಬರುವ ಮೊದಲು ತಿದಿ ಒತ್ತುತ್ತಿದ್ದ ಹುಡುಗರು ಹಿಂಬದಿಯ ಹಲಗೆಯ ಮೇಲೆ ಪೆನ್ಸಿಲ್‌ನಲ್ಲಿ ಬರೆದ ಹೆಸರುಗಳು ಇನ್ನೂ ಇವೆ. ನುಡಿಸುವ ಮೊದಲು ಪ್ರತಿ ಭಾನುವಾರ ಅವನ್ನು ಒಮ್ಮೆ ಓದುತ್ತೇನೆ.

ಈ ಜನವರಿಯಿಂದ ಒಂದು ಸ್ವರ ಒತ್ತಿದರೆ ಮತ್ತೊಂದು ಸಣ್ಣಗೆ ನರಳಿದ ಹಾಗೆ ಕೇಳುತ್ತದೆ. ಮೆಲ್ಲಗಿನ ಕೀರ್ತನೆಯಲ್ಲಿ ಸಹಿಸಲಾಗದು. "ಅದರ ಆಯುಸ್ಸು ಮುಗಿಯಿತು, ಎಲೆಕ್ಟ್ರಾನಿಕ್ ತರೋಣ" ಎಂದು ಚರ್ಚಿನ ಆಡಳಿತ ನೋಡುವ ಹಿರಿಯರ ಸಭೆಯಲ್ಲಿ ಮಾತು ಎದ್ದಿದೆ. ನಿಜಕ್ಕೂ ಮುಗಿಯಿತೇ?

ಉತ್ತರ 1
ಆರ್ಗನ್ ರಿಪೇರಿಯವರ ಕೈಕೆಳಗೆ ಹನ್ನೊಂದು ವರ್ಷ ದುಡಿದಿದ್ದೇನೆ. ಒಂದು ವಿಷಯ ಹೇಳಿ: ಎಫ್ ಒತ್ತಿದಾಗ ಕೇಳುವುದು ಅದರ ಮುಂದಿನ ಸ್ವರ ಎಫ್ ಶಾರ್ಪೋ, ಅದನ್ನೂ ದಾಟಿದ ಜಿ ಸ್ವರವೋ?

ಪ್ರಶ್ನೆ ಕೇಳಿದವರು
ಜಿ! ಈಗಷ್ಟೇ ಹೋಗಿ ನೋಡಿ ಬಂದೆ.

ಉತ್ತರ 1
ಹಾಗಾದರೆ ಸಮಾಧಾನ ಮಾಡಿಕೊಳ್ಳಿ. ಬಹಳಷ್ಟು ಆರ್ಗನ್‌ಗಳಲ್ಲಿ ಕೊಳವೆಗಳನ್ನು ಒಂದು ಬಿಟ್ಟು ಒಂದರಂತೆ ಎಡಕ್ಕೂ ಬಲಕ್ಕೂ ಹಂಚಿರುತ್ತಾರೆ. ಹಾಗಾಗಿ ಕೊಳವೆಗಳಿಗೆ ಗಾಳಿ ಹಂಚುವ ಗಾಳಿಪೆಟ್ಟಿಗೆಯೊಳಗೆ ಎಫ್‌ನ ಮಗ್ಗುಲಲ್ಲಿರುವುದು ಜಿ ಸ್ವರದ ಕಾಲುವೆ. ಮೇಲಿನ ಹಲಗೆ ಒಣಗಿ ಬಿರುಕು ಬಿಟ್ಟಿದೆ, ಎಫ್‌ನ ಗಾಳಿ ಅಲ್ಲಿಂದ ಜಿಗೆ ನುಸುಳುತ್ತಿದೆ. ಕೊಳವೆಗಳಿಗೆ ಏನೂ ಆಗಿಲ್ಲ.

ವಾರವಿಡೀ ಚರ್ಚನ್ನು ತಣ್ಣಗೆ ಬಿಟ್ಟು ಭಾನುವಾರ ಬೆಳಿಗ್ಗೆ ಒಮ್ಮೆಲೇ ಹೀಟರ್ ಜೋರು ಮಾಡುತ್ತಾರೆಯೇ? ಮರಕ್ಕೆ ಅದಕ್ಕಿಂತ ಕೆಟ್ಟದ್ದಿಲ್ಲ. ತೇವಾಂಶ ಶೇ. 40ಕ್ಕಿಂತ ಕೆಳಗಿಳಿಯದಂತೆ ನೋಡಿಕೊಳ್ಳಿ. ಮೇ, ಜೂನ್ ಹೊತ್ತಿಗೆ ಮರ ಉಬ್ಬಿ ಗುನುಗು ತಾನಾಗಿ ತಗ್ಗಿದರೆ ಕಾರಣ ಖಚಿತ. ಆಮೇಲೆ ಬಲ್ಲವರಿಂದ ಹಲಗೆ ಸರಿಮಾಡಿಸಿ. ಅಲ್ಲಿಯವರೆಗೆ ತೀರ್ಮಾನ ಮುಂದಕ್ಕೆ ಹಾಕಿಸಿ, ದಯವಿಟ್ಟು. ಶ್ರುತಿ ಮಾಡಲು ಯಾರೂ ಕೊಳವೆ ಮುಟ್ಟುವುದು ಬೇಡ. ಅಂಗೈ ಬಿಸಿಗೇ ಸ್ವರ ಏರುತ್ತದೆ, ತವರ–ಸೀಸದ ಮೆದು ಲೋಹ ಬೇಗ ಜಜ್ಜುತ್ತದೆ.

ಉತ್ತರ 2
ಹಿರಿಯರಿಗೆ ಇದನ್ನೂ ಹೇಳಿ. ಪ್ರೆಸ್ಬಿಟೇರಿಯನ್ನರ ಮೂಲ ನಾಡು ಸ್ಕಾಟ್ಲೆಂಡ್‌ನಲ್ಲಿ ಆರ್ಗನ್ನಿಗೆ ಬಾಗಿಲೇ ಮುಚ್ಚಿತ್ತು. ಗ್ಲಾಸ್ಗೋದ ಸೇಂಟ್ ಆಂಡ್ರ್ಯೂಸ್ ಚರ್ಚಿನಲ್ಲಿ 1807ರಲ್ಲಿ ನುಡಿಸಿದ್ದೇ ದೊಡ್ಡ ವಿವಾದವಾಗಿ ನಿಷೇಧಿಸಿದರು. "ಸಿಳ್ಳೆಗಳ ಪೆಟ್ಟಿಗೆ" ಎಂದು ಜರೆಯುತ್ತಿದ್ದರು. 1860ರ ದಶಕದಲ್ಲಷ್ಟೇ ಒಪ್ಪಿಗೆ ಸಿಕ್ಕಿತು. ಆ ನಾಡಿನಲ್ಲೇ ಹುಟ್ಟಿದ ಅಮೆರಿಕದ ಉಕ್ಕಿನ ಉದ್ಯಮಿ ಆಂಡ್ರ್ಯೂ ಕಾರ್ನೆಗಿ ಮುಂದೆ 7,000ಕ್ಕೂ ಹೆಚ್ಚು ಆರ್ಗನ್‌ಗಳಿಗೆ ಹಣ ಕೊಟ್ಟ. ಅಷ್ಟು ಜಗಳವಾಡಿ ಪಡೆದದ್ದನ್ನು ಒಂದು ಬಿರುಕಿಗಾಗಿ ಕಳೆದುಕೊಳ್ಳಬೇಕೇ?

ಪ್ರಶ್ನೆ ಕೇಳಿದವರು
ಗಾಳಿಪೆಟ್ಟಿಗೆಯ ಪಕ್ಕ ತೇವಾಂಶದ ಮೀಟರ್ ಇಟ್ಟು ಬಂದೆ. ಶೇ. 19 ತೋರಿಸಿತು. ಹಿರಿಯರಲ್ಲಿ ಒಬ್ಬರು ಅದರ ಫೋಟೊ ತೆಗೆದುಕೊಂಡಿದ್ದಾರೆ. ಹೀಟರನ್ನು ಶನಿವಾರ ಸಂಜೆಯಿಂದಲೇ ನಿಧಾನವಾಗಿ ಏರಿಸುವುದಕ್ಕೆ ಒಪ್ಪಿದರು. ತೀರ್ಮಾನ ಜೂನ್‌ಗೆ ಹೋಗಿದೆ.