ಶಿವಪ್ಪ ನಾಯಕನ ಅರಮನೆಯಲ್ಲಿ ಮಕ್ಕಳಿಗೆ ಏನು ತೋರಿಸಲಿ?

ಪ್ರಶ್ನೆ: ತೀರ್ಥಹಳ್ಳಿ ಕಡೆಯ ಟೀಚರ್

ಏಳನೇ ಕ್ಲಾಸಿನ 31 ಮಕ್ಕಳನ್ನು ಮುಂದಿನ ವಾರ ಶಿವಮೊಗ್ಗದ ಶಿವಪ್ಪ ನಾಯಕನ ಅರಮನೆಗೆ ಕರ್ಕೊಂಡು ಹೋಗ್ತಿದ್ದೀನಿ. ಹೋದ ವರ್ಷವೂ ಹೋಗಿದ್ವಿ. ಮರದ ಕಂಬ ನೋಡಿದ್ವಿ, ಅಂಗಳದ ಕಲ್ಲುಗಳ ಮುಂದೆ ಫೋಟೋ ತೆಗೆದ್ವಿ, ಅರ್ಧ ಗಂಟೇಲಿ ಮುಗೀತು. ಬಸ್ ಹತ್ತೋ ಹೊತ್ತಿಗೆ ಒಬ್ಬಳು, "ಟೀಚರ್, ಕಲ್ಲಲ್ಲಿ ಕೆಳಗೆ ಹೊಡೆದಾಡ್ತಿದ್ದೋನೇ ಮೇಲೆ ಕೂತಿರೋದಾ?" ಅಂದಳು. ನಾಳೆ ಹೇಳ್ತೀನಿ ಅಂದೆ. ಹೇಳಲೇ ಇಲ್ಲ, ನನಗೇ ಗೊತ್ತಿರಲಿಲ್ಲ. ಅವಳೀಗ ಹೈಸ್ಕೂಲು. ಈ ಸಲ ಹಾಗಾಗಬಾರದು. ಒಂದೂವರೆ ಗಂಟೆ ಸಮಯ ಇದೆ, ತಿಳಿದವರು ಹೇಳಿ.

ಉತ್ತರ: ಕೋಟೆ ರಸ್ತೆಯವನು

ಮೇಡಂ, ಆ ಹುಡುಗಿ ಸರಿಯಾಗೇ ಓದಿದ್ದಾಳೆ. ಅಂಗಳದ ಆ ಕಲ್ಲು ವೀರಗಲ್ಲು, ಅಂದರೆ ಕಾಳಗದಲ್ಲಿ ಸತ್ತ ವೀರನ ನೆನಪಿಗೆ ನೆಟ್ಟ ಕಲ್ಲು. ಅದನ್ನು ಕೆಳಗಿನಿಂದ ಮೇಲಕ್ಕೆ ಓದಬೇಕು. ಕೆಳಗಿನ ಪಟ್ಟಿಕೆಯಲ್ಲಿ ಕಾಳಗ. ನಡುವೆ ಅಪ್ಸರೆಯರು ಸತ್ತವನನ್ನು ಎತ್ತಿಕೊಂಡು ಹೋಗ್ತಾರೆ. ಮೇಲೆ ಕೈಲಾಸ, ಶಿವಲಿಂಗದ ಪಕ್ಕ ಕೂತವನು ಅದೇ ವೀರ. ತುದಿಯಲ್ಲಿ ಸೂರ್ಯ ಚಂದ್ರ, ಅವು ಇರೋವರೆಗೂ ಇವನ ಹೆಸರು ಇರಲಿ ಅಂತ. ಕಾಳಗದ ಜತೆ ದನ ಇದ್ದರೆ ಅದು ತುರುಗೊಳ್, ಊರಿನ ದನ ಅಟ್ಟಿಕೊಂಡು ಹೋದವರನ್ನು ತಡೆದು ಸತ್ತವನ ಕಲ್ಲು. ಕೊಟ್ಟಿಗೆ ಇರೋ ಮನೆಯ ಮಕ್ಕಳಿಗೆ ಇದನ್ನು ವಿವರಿಸೋದೇ ಬೇಡ!

ಎಲ್ಲಾ ಕಲ್ಲೂ ತೋರಿಸಕ್ಕೆ ಹೋಗಬೇಡಿ. ಒಂದರ ಮುಂದೆ ಕೂರಿಸಿ, ಅವರೇ ಹೇಳಲಿ. ಮಾಸ್ತಿಕಲ್ಲು ಕಂಡರೆ, ಬಳೆ ತೊಟ್ಟ ತೋಳೊಂದು ಕಂಬದಿಂದ ಹೊರಚಾಚಿರುತ್ತೆ. ಅದು ಗಂಡನ ಜತೆ ಬೆಂಕಿಗೆ ಹೋದವಳ ಕಲ್ಲು. ಏಳನೇ ಕ್ಲಾಸಿಗೆ ಅರ್ಥ ಆಗುತ್ತೆ, ಮುಚ್ಚಿಡಬೇಡಿ.

ಉತ್ತರ: ಸಾಗರದಿಂದ

ಕಲ್ಲಿನ ಜತೆ ಮನೆಯ ಬಗ್ಗೆಯೂ ಹೇಳಿ. ಹೆಸರು ಶಿವಪ್ಪ ನಾಯಕನದೇ ಆದರೂ ಈಗಿರೋ ಕಟ್ಟಡ 18ನೇ ಶತಮಾನದ್ದು ಅನ್ನೋ ಇತಿಹಾಸಕಾರರಿದ್ದಾರೆ. ಕೆಳದಿಯ ಅರಸನಾಗಿ ನಾಯಕ ಆಳಿದ್ದು 1645ರಿಂದ 1660, ರಾಜಧಾನಿ ಬಿದನೂರು, ಅಂದರೆ ಈಗಿನ ನಗರ. ಮಕ್ಕಳಿಗೆ ಶಿಸ್ತು ಅಂದರೆ ಸಾಲಾಗಿ ನಿಲ್ಲೋದು. ಶಿವಪ್ಪ ನಾಯಕನ ಶಿಸ್ತು ಬೇರೆ: ಪ್ರತಿ ಊರಲ್ಲೂ ಬೇರೆ ಬೇರೆ ದರ್ಜೆಯ ಜಮೀನು ಆರಿಸಿ ಹಲವು ವರ್ಷ ಬೆಳೆ ತೆಗೆಸಿ, ಬೀಜ, ಇಳುವರಿ, ಬೆಲೆ ಎಲ್ಲಾ ಬರೆದಿಟ್ಟು, ಸರಾಸರಿ ನೋಡಿ ಮೂರರಲ್ಲೊಂದು ಪಾಲು ಕಂದಾಯ ಅಂತ ನಿಗದಿ ಮಾಡಿದ. ಗದ್ದೆ ಗೊತ್ತಿರೋ ಮಕ್ಕಳು ಕಂಬಕ್ಕಿಂತ ಈ ಲೆಕ್ಕವನ್ನೇ ನೆನಪಿಡ್ತಾರೆ.

ಪ್ರಶ್ನೆ ಕೇಳಿದ ಟೀಚರ್

ಹೋಗಿ ಬಂದ್ವಿ. ಒಂದೇ ಕಲ್ಲಿಗೆ ಮುಕ್ಕಾಲು ಗಂಟೆ ಹಿಡೀತು. ಹಿಂದಿನ ಸಾಲಿನ ಹುಡುಗನೊಬ್ಬ ಎದ್ದು, "ನಮ್ಮ ಗದ್ದೆ ಬದಿಗೂ ಇಂಥದ್ದೇ ಇದೆ ಟೀಚರ್, ಅಜ್ಜ ಅದರ ಮೇಲೆ ಕತ್ತಿ ಮಸೀತಾರೆ" ಅಂದ. ಭಾನುವಾರ ಅವನ ಜತೆ ಹೋದೆ. ಮೇಲೆ ಸೂರ್ಯ ಚಂದ್ರ ಸ್ಪಷ್ಟ ಇದೆ. ಅಪ್ಸರೆಯರ ಮುಖ ಸವೆದು ನುಣ್ಣಗಾಗಿದೆ, ಕತ್ತಿ ಮಸೆದ ಜಾಗ ಅದೇ. ಕೆಳಗಿನ ಪಟ್ಟಿಕೆ ಮಣ್ಣಲ್ಲಿ ಹೂತಿದೆ, ಎರಡು ಕೊಂಬು ಮಾತ್ರ ಕಾಣುತ್ತೆ. ಸ್ವಲ್ಪ ಅಗೆದು ನೋಡಬಹುದಾ?

ಉತ್ತರ: ಕೋಟೆ ರಸ್ತೆಯವನು

ದಯವಿಟ್ಟು ಅಗೆಯಬೇಡಿ ಮೇಡಂ. ಎಣ್ಣೆ, ಸುಣ್ಣ, ತಂತಿ ಬ್ರಷ್ ಯಾವುದೂ ಬೇಡ. ಬೆಳಗ್ಗೆ ಬಿಸಿಲು ಪಕ್ಕದಿಂದ ಬೀಳುವಾಗ ಫೋಟೋ ತೆಗೆದು ಪುರಾತತ್ವ ಇಲಾಖೆಗೆ ಪತ್ರ ಬರೀರಿ. ಅಜ್ಜನಿಗೆ ಒಂದು ಮಸೆಗಲ್ಲು ತಂದುಕೊಡಿ.