ಹೋಟೆಲ್ ಮಾಳಿಗೆಯಲ್ಲಿ ವಾಸ, ವಿಳಾಸದ ದಾಖಲೆಗೆ ಏನು ಮಾಡಲಿ?

ಕುಂದಾಪುರದವ:
ನಾನು ಮುಂಬೈಯ ಮಾಟುಂಗಾದ ಒಂದು ಹೋಟೆಲಿನಲ್ಲಿ ದೋಸೆ ಹೊಯ್ಯುವ ಕೆಲಸ ಮಾಡುತ್ತೇನೆ. ಮಲಗುವುದು ಅಲ್ಲಿಯೇ ಮಾಳಿಗೆಯಲ್ಲಿ, ಉಳಿದ ಹುಡುಗರ ಜೊತೆ. ಬಾಡಿಗೆ ಇಲ್ಲ, ಹಾಗಾಗಿ ಕರಾರು ಪತ್ರವಿಲ್ಲ, ಹೆಸರಿನಲ್ಲಿ ವಿದ್ಯುತ್ ಬಿಲ್ಲೂ ಇಲ್ಲ. ಆಧಾರ್‌ನಲ್ಲಿರುವುದು ಊರಿನ ಹಳೆಯ ಮನೆಯ ವಿಳಾಸ. ಪಾಲಾದ ಮೇಲೆ ಆ ಮನೆ ಮಾರಾಟವಾಯಿತು. ಈಗ ಕೆವೈಸಿ (ಗ್ರಾಹಕರ ಗುರುತು, ವಿಳಾಸಗಳ ಪರಿಶೀಲನೆ) ಆಗಿಲ್ಲವೆಂದು ಬ್ಯಾಂಕಿನವರು ಖಾತೆ ತಡೆಹಿಡಿದಿದ್ದಾರೆ. ಅಮ್ಮನ ಔಷಧಕ್ಕೆ ಹಣ ಕಳುಹಿಸುವುದು ಅದೇ ಖಾತೆಯಿಂದ. ಮಾಲೀಕರು ಲೆಟರ್‌ಹೆಡ್ ಮೇಲೆ ಬರೆದುಕೊಟ್ಟ ಪತ್ರವನ್ನು ಆಧಾರ್ ಕೇಂದ್ರದಲ್ಲಿ ತೆಗೆದುಕೊಳ್ಳಲಿಲ್ಲ. ಮತದಾರರ ಪಟ್ಟಿಗೂ ಇಲ್ಲಿಯೇ ಸೇರಬೇಕೆಂದಿದ್ದೇನೆ. ತಿಳಿದವರು ದಾರಿ ಹೇಳಿ.

ಚೆಂಬೂರಿನ ಅಕ್ಕ:
ತಮ್ಮಾ, ಮೊದಲು ಬ್ಯಾಂಕಿಗೆ ಹೋಗು. ಅದಕ್ಕಾಗಿ ಆಧಾರ್ ಬದಲಾಗುವವರೆಗೆ ಕಾಯಬೇಕಾಗಿಲ್ಲ. ಆಧಾರ್ ಮೂಲಕ ಗುರುತು ದೃಢಪಡಿಸಿದವರು ಈಗ ಬೇರೆ ಕಡೆ ಇದ್ದರೆ, ಆ ವಿಳಾಸಕ್ಕೆ ಸ್ವಯಂ ಘೋಷಣೆ ಬರೆದುಕೊಡಬಹುದು ಎಂದು ರಿಸರ್ವ್ ಬ್ಯಾಂಕಿನ ಕೆವೈಸಿ ನಿರ್ದೇಶನದಲ್ಲಿಯೇ ಇದೆ. ಶಾಖೆಯವರು ಒಪ್ಪದಿದ್ದರೆ ಕಾರಣವನ್ನು ಬರವಣಿಗೆಯಲ್ಲಿ ಕೇಳು.

ಆಧಾರ್‌ನಲ್ಲಿ ವಿಳಾಸ ಬದಲಿಸಲು ಬೇಕಾದದ್ದು ಆಧಾರ್ ಪ್ರಾಧಿಕಾರದ (ಯುಐಡಿಎಐ) ನಮೂನೆಯಲ್ಲಿರುವ ಪ್ರಮಾಣಪತ್ರ. ಗೆಜೆಟೆಡ್ ಅಧಿಕಾರಿ, ಶಾಸಕರು, ಸಂಸದರು, ನಗರಸೇವಕರು (ಪಾಲಿಕೆ ಸದಸ್ಯರು) ಇವರಲ್ಲಿ ಯಾರಾದರೂ ಒಬ್ಬರು ಸಹಿ ಮಾಡಿದರೆ ಸಾಕು. ಫೋಟೊ ಅಂಟಿಸಿದ ಮೇಲೆ ಸಹಿಯೂ ಮೊಹರೂ ಅರ್ಧ ಫೋಟೊದ ಮೇಲೆ, ಅರ್ಧ ಕಾಗದದ ಮೇಲೆ ಬೀಳಬೇಕು. ಅವರ ಎದುರಿಗೇ ನಿಂತು ನೋಡಿಕೋ. ದಿನಾಂಕವನ್ನು ತಿದ್ದಿದ್ದರೆ ಹೊಸ ಹಾಳೆಯಲ್ಲಿಯೇ ಬರೆಸು. ಕೊಟ್ಟ ದಿನದಿಂದ ಮೂರು ತಿಂಗಳು ಮಾತ್ರ ಅದು ನಡೆಯುತ್ತದೆ, ಪೆಟ್ಟಿಗೆಯಲ್ಲಿ ಇಟ್ಟುಕೊಂಡು ಕೂರಬೇಡ. ಕೌಂಟರಿನಲ್ಲಿ ಯಾರಾದರೂ ಗದರಿದರೆ ಹೆದರಬೇಡ. ಕಾಯಂ ಮನೆಯಿಲ್ಲದವರಿಗೆ ಆಧಾರ್ ಕೊಡಲು ವಿಶೇಷ ಕ್ರಮ ಕೈಗೊಳ್ಳಬೇಕೆಂದು 2016ರ ಆಧಾರ್ ಕಾಯ್ದೆಯ 5ನೆಯ ಸೆಕ್ಷನ್ ಹೇಳುತ್ತದೆ. ಊರು ಬಿಟ್ಟು ಬಂದು ದುಡಿಯುವ ನಮ್ಮ ಹುಡುಗರು ಒಂದು ಕಾಗದಕ್ಕಾಗಿ ಕೈಮುಗಿದು ನಿಲ್ಲುವುದನ್ನು ಕಂಡರೆ ನನಗೆ ಸಂಕಟವಾಗುತ್ತದೆ.

ಠಾಣೆಯ ಮೇಷ್ಟ್ರು:
ಚುನಾವಣೆಯ ಕೆಲಸಕ್ಕೆ ಹೋದವನಾಗಿ ಹೇಳುತ್ತೇನೆ. ಊರಿನ ಮತದಾರರ ಪಟ್ಟಿಯಲ್ಲಿ ಹೆಸರಿದ್ದರೆ ಅದನ್ನು ಇಲ್ಲಿಗೆ ಬದಲಿಸಲು ನಮೂನೆ 8ರ ಅರ್ಜಿ, ಎಲ್ಲಿಯೂ ಇಲ್ಲದಿದ್ದರೆ ಹೊಸದಾಗಿ ಸೇರಲು ನಮೂನೆ 6. ಸೂರಿಲ್ಲದೆ ಪಾದಚಾರಿ ಮಾರ್ಗದಲ್ಲಿ ಮಲಗುವವರೂ ಮತದಾರರಾಗಬಹುದು. ಅವರಿಂದ ವಿಳಾಸದ ದಾಖಲೆ ಕೇಳುವುದಿಲ್ಲ, ಮತಗಟ್ಟೆ ಮಟ್ಟದ ಅಧಿಕಾರಿ (ಬಿಎಲ್‌ಒ) ರಾತ್ರಿ ಹೋಗಿ ಅಲ್ಲಿ ಮಲಗುತ್ತಾರೆಯೇ ಎಂದು ನೋಡುತ್ತಾರೆ. ನಿಮ್ಮ ಬಳಿಗೂ ವಿಚಾರಣೆಗೆ ಬರಬಹುದು. ಹೋಟೆಲಿನಲ್ಲಿ ಎಲ್ಲರೂ ನಿಮ್ಮನ್ನು ಅಡ್ಡಹೆಸರಿನಿಂದಲೇ ಕರೆಯುತ್ತಿದ್ದರೆ ಗಲ್ಲಾದಲ್ಲಿ ಕೂರುವವರಿಗೆ ನಿಮ್ಮ ಪೂರ್ಣ ಹೆಸರು ತಿಳಿಸಿಡಿ. ‘ಅಂಥವರು ಇಲ್ಲಿಲ್ಲ’ ಎಂದುಬಿಟ್ಟರೆ ಅರ್ಜಿಗೆ ತೊಂದರೆ.

ಕುಂದಾಪುರದವ:
ಅಕ್ಕಾ, ಮೇಷ್ಟ್ರೇ, ತುಂಬಾ ಉಪಕಾರವಾಯಿತು. ಮಾಳಿಗೆಯಲ್ಲಿ ಇನ್ನೂ ಇಬ್ಬರಿಗೆ ಇದೇ ತೊಂದರೆ ಇದೆ. ಮೂವರ ಹೆಸರನ್ನೂ ಒಂದೇ ಪ್ರಮಾಣಪತ್ರದಲ್ಲಿ ಬರೆಸಬಹುದೇ?

ಚೆಂಬೂರಿನ ಅಕ್ಕ:
ಆಗುವುದಿಲ್ಲ, ಒಬ್ಬೊಬ್ಬರಿಗೆ ಒಂದೊಂದು. ಮೂವರೂ ಒಟ್ಟಿಗೆ ಹೋಗಿ, ಮೂಲ ಆಧಾರ್ ಕಾರ್ಡ್ ಮತ್ತು ಫೋಟೊ ಮರೆಯಬೇಡಿ.